ಮೀಸೆಯಪ್ಪ ಗುಂಡು ಹಾಕಿದ್ದು

ಬ್ಯಾಂಕಿನ ಬಾಗಿಲು ತೆರೆಯುವ ಮುಂಚೆಯೇ ಕಾವಲುಗಾರ ಮೀಸೆಯಪ್ಪನಿಗೆ ಅವನ ಬಂದೂಕು ಕೈಕೊಟ್ಟಿತು. ಮೀಸೆಯಪ್ಪ ಅವನ ಹೆಸರಲ್ಲ. ಆ ಮೀಸೆ ಇರುವವರೆಗೆ ಹೆಸರಿನ ಅಗತ್ಯ ಯಾರಿಗೂ ಬಂದಿರಲಿಲ್ಲ. ಅಂದು ಮಧ್ಯಾಹ್ನ ಮುಖ್ಯ ಕಚೇರಿಯಿಂದ ಬಂದೂಕು ಪರೀಕ್ಷಿಸಲು ಅಧಿಕಾರಿ ಬರುವವರಿದ್ದರು. ಅವರೆದುರು ಕೈ ನಡುಗದಿರಲೆಂದು ಅಭ್ಯಾಸಕ್ಕೆ ಒಂದು ಗುಂಡು ಹಾಕಿ ನೋಡಿದ. ಗುಂಡು ಒಳಗೇ ಕೂತಿತು, ನಳಿಗೆ ಮತ್ತೆ ತೆರೆಯಲೊಲ್ಲದು. ಎಳೆದ, ತಟ್ಟಿದ, ಬೇಡಿಕೊಂಡ. ಅದು ಮುನಿಸಿಕೊಂಡ ಅಳಿಯನ ಹಾಗೆ ಬಾಯಿ ಬಿಗಿದುಕೊಂಡೇ ಇತ್ತು.

ಪಕ್ಕದ ಶಾಖೆಯ ಕಾವಲುಗಾರನ ಬಂದೂಕು ಹೀಗೇ ಕೆಟ್ಟಾಗ, ಬಂದೂಕು ನೋಡಿಕೊಳ್ಳಲಾಗದವನು ಬ್ಯಾಂಕನ್ನೇನು ನೋಡಿಕೊಂಡಾನು ಎಂದು ಅಂದೇ ಮನೆಗೆ ಕಳಿಸಿದ್ದರು. ಈ ವಯಸ್ಸಿನಲ್ಲಿ ತನಗೆ ಇನ್ನೊಂದು ಕೆಲಸ ಕೊಡುವವರು ಯಾರು ಎಂದು ನೆನೆದು ಮೀಸೆಯಪ್ಪ ಬಂದೂಕಿನ ಪೆಟ್ಟಿಗೆ ಹುಡುಕಿ ತೆಗೆದ.

ಅದರ ಮೇಲೆ ಬಂದೂಕು ತಯಾರಿಸಿದ ಕಂಪನಿಯ ರಿಪೇರಿ ವಿಭಾಗದ ನಂಬರಿತ್ತು. ಮೊಬೈಲು ಮನೆಯಲ್ಲೇ ಉಳಿದಿದ್ದರಿಂದ ಕೌಂಟರಿನ ಫೋನಿನಿಂದಲೇ ಕರೆ ಮಾಡಿದ. ಒಂದು ಒತ್ತಿ, ಎರಡು ಒತ್ತಿ ಎಂದಿತು, ಆಮೇಲೆ ಕೊಳಲು ಊದತೊಡಗಿತು. ಗುಂಡು ಸಿಕ್ಕಿಸಿಕೊಂಡವನಿಗೆ ಕೊಳಲು ಕೇಳಿಸುವ ಕಂಪನಿ ಎಂಥದೋ ಎಂದು ಅವನಿಗೆ ಅನುಮಾನ ಬಂತು.

ಕೊನೆಗೊಂದು ಹುಡುಗಿಯ ದನಿ ಸಿಕ್ಕಿತು. ಮೀಸೆಯಪ್ಪ ಕೈ ಅಡ್ಡ ಹಿಡಿದು ಪಿಸುಗುಟ್ಟಿದ. ಬೆನ್ನ ಹಿಂದೆ ಕ್ಯಾಶಿಯರಮ್ಮ ಬಂದು ನಿಂತದ್ದು ಅವನಿಗೆ ತಿಳಿಯಲಿಲ್ಲ. ಈಕೆ ನೋಟಿಗಿಂತ ಮನುಷ್ಯರನ್ನೇ ಹೆಚ್ಚಾಗಿ ಬೆಳಕಿಗೆ ಹಿಡಿದು ನೋಡುವವಳು.

"ಬೆಳಗ್ಗೆ ಬೆಳಗ್ಗೆನೇ ಒಂದು ಗುಂಡು ಹಾಕ್ದೆ ಕಣಮ್ಮ... ಇಲ್ಲಪ್ಪ, ದಿನಾ ಎಲ್ಲಿ ಹಾಕ್ತೀನಿ? ವರ್ಷಕ್ಕೊಂದ್ಸಲ. ಅದೂ ಮ್ಯಾನೇಜರ್ ಸಾಹೇಬ್ರು ಎದುರಿಗೆ ಕೂತು ಹಾಕು ಅಂದ್ರೆ ಮಾತ್ರ... ಎರಡು ಹಿಡಿಯುತ್ತೆ, ನಾನೇ ಒಂದಕ್ಕೆ ನಿಲ್ಲಿಸ್ದೆ... ಬಾಯಿ ಹತ್ರ ವಾಸನೆ ಏನೂ ಇಲ್ಲ... ಮನೇಲೂ ಗೊತ್ತಿಲ್ಲ, ಇಲ್ಲೂ ಯಾರಿಗೂ ಗೊತ್ತಾಗ್ಬಾರದು. ಹೇಗಾದ್ರೂ ಮಾಡಿ ಮಧ್ಯಾಹ್ನದೊಳಗೆ ಇಳಿಸಿಕೊಡಿ ತಾಯಿ."

ಬಂದೂಕಿಗೆ ಹಾಕುವುದೂ ಗುಂಡು, ಗಂಟಲಿಗೆ ಹಾಕುವುದೂ ಗುಂಡು. ಕ್ಯಾಶಿಯರಮ್ಮನಿಗೆ ಗಂಟಲೇ ಕಂಡಿತು.

"ನಿಮ್ಮ ಅದೃಷ್ಟ, ನಮ್ಮ ಮೆಕ್ಯಾನಿಕ್ ಇವತ್ತು ನಿಮ್ಮೂರಲ್ಲೇ ಇದಾರೆ. ಕಳಿಸ್ತೀನಿ," ಎಂದಳು ಹುಡುಗಿ. ಇಷ್ಟು ಸಲೀಸಾಗಿ ಒಪ್ಪಿದ್ದು ಕೇಳಿ ಮೀಸೆಯಪ್ಪನ ಅನುಮಾನ ಇನ್ನಷ್ಟು ಬಲಿಯಿತು.

ಅಷ್ಟರಲ್ಲಿ ಕ್ಯಾಶಿಯರಮ್ಮ ಮ್ಯಾನೇಜರ ಕೋಣೆ ಸೇರಿದ್ದಳು.

"ಸರ್, ಮೀಸೆಯಪ್ಪ ಗುಂಡು ಹಾಕ್ಕೊಂಡೇ ಡ್ಯೂಟಿಗೆ ಬಂದಿದಾನೆ."

"ಅವನಾ? ನೋಡಿದ್ರೆ ಹಾಗನ್ಸಲ್ವಲ್ಲಮ್ಮ."

"ನೀವೇ ಎದುರಿಗೆ ಕೂತು ಹಾಕಿಸ್ತೀರಂತೆ."

ಮ್ಯಾನೇಜರು ಕುರ್ಚಿಯಿಂದ ಎದ್ದೇ ಬಿಟ್ಟರು. "ನಾನಾ? ನಾನು ಕೆಮ್ಮಿನ ಔಷಧೀನೂ ಯೋಚನೆ ಮಾಡಿ ಕುಡಿಯೋನು."

"ಅದಕ್ಕೇ ಅವನ ಹೆಂಡತಿಗೆ ಫೋನ್ ಮಾಡಿದೀನಿ. ಅವಳ ತಮ್ಮನನ್ನೂ ಕರ್ಕೊಂಡು ಬರ್ತಿದಾಳೆ," ಎಂದು ಕ್ಯಾಶಿಯರಮ್ಮ ಸಮಾಧಾನ ಹೇಳಿದಳು.

ಊಟದ ಹೊತ್ತಿಗೆ ಚೀಲ ಹೊತ್ತ ಒಬ್ಬ ಬಂದು, ಕಂಪನಿಯಿಂದ ಬಂದಿದೀನಿ ಎಂದು ಮೀಸೆಯಪ್ಪನ ಕಿವಿಯಲ್ಲಿ ಉಸುರಿದ. ಇಬ್ಬರೂ ಹಳೇ ಕಡತಗಳ ಕೋಣೆ ಹೊಕ್ಕು ಬಾಗಿಲು ಮುಂದೆ ಮಾಡಿಕೊಂಡರು. ಕ್ಯಾಶಿಯರಮ್ಮ ಬಾಗಿಲಿಗೆ ಕಿವಿಗೊಟ್ಟಳು.

"ಬಾಯಿ ಈ ಕಡೆ ತಿರುಗಿಸಿ. ಹೆದರ್ಬೇಡಿ... ಹಾಂ, ಬಂತು. ಪೂರ್ತಿ ಬಂತು. ಈಗ ಇನ್ನೊಂದು ಹಾಕಿ ನೋಡೋಣ್ವಾ?"

"ನೀವಿದ್ದೀರಲ್ಲ, ಹಾಕೇ ಬಿಡೋಣ," ಎಂದ ಮೀಸೆಯಪ್ಪ.

ಅವನಿಗೆ ಕಂಪನಿ ಕೊಡಲು ಒಬ್ಬ ಬಂದಿದ್ದಾನೆ, ಇಬ್ಬರೂ ಎರಡನೇ ಸುತ್ತಿಗೆ ಇಳಿದಿದ್ದಾರೆ ಎಂಬ ಸುದ್ದಿ ಮ್ಯಾನೇಜರಿಗೆ ಕ್ಷಣದಲ್ಲಿ ಮುಟ್ಟಿತು.

ಮೆಕ್ಯಾನಿಕ್ ಹಿಂಬಾಗಿಲಿಂದ ಹೋದ. ಮೀಸೆಯಪ್ಪ ಮೀಸೆ ತಿರುವುತ್ತ ಹೊರಬಂದರೆ ಎದುರಿಗೆ ಮ್ಯಾನೇಜರು, ಕ್ಯಾಶಿಯರಮ್ಮ, ಹೆಂಡತಿ, ಭಾವಮೈದ ಸಾಲಾಗಿ ನಿಂತಿದ್ದರು.

"ನಿಜ ಹೇಳು. ಗುಂಡು ಹಾಕಿದ್ಯಾ?" ಎಂದರು ಮ್ಯಾನೇಜರು.

ಮೀಸೆಯಪ್ಪನ ಕೈ ಮೀಸೆಯಿಂದ ಕೆಳಗಿಳಿಯಿತು. ಗುಟ್ಟು ರಟ್ಟಾಗಿದೆ. "ಹಾಕ್ದೆ ಸರ್. ಒಂದೇ ಒಂದು. ಈಗ ತೆಗೆಸಿಬಿಟ್ಟೆ, ಏನೂ ತೊಂದರೆ ಇಲ್ಲ."

"ಭಾವ, ಎಲ್ಲಿ, ಬಾಯಿ ಬಿಡಿ," ಎಂದು ಭಾವಮೈದ ಮೂಗು ಹತ್ತಿರ ತಂದ.

"ಇಷ್ಟು ವರ್ಷ ಒಂದೇ ಮನೇಲಿದ್ರೂ ನೀವು ಕುಡಿಯೋದು ನಂಗೆ ಗೊತ್ತೇ ಆಗ್ಲಿಲ್ವಲ್ರೀ," ಎಂದು ಹೆಂಡತಿ ಅತ್ತಳು.

ಆಗ ಮೀಸೆಯಪ್ಪನಿಗೆ ಅರ್ಥವಾಯಿತು. ಅತ್ತ ದರಿ, ಇತ್ತ ಹುಲಿ. ಕುಡಿದಿಲ್ಲ ಎಂದರೆ ಹಾಕಿದ್ದು ಯಾವ ಗುಂಡು ಎಂದು ಹೇಳಬೇಕು. ಅಷ್ಟರಲ್ಲಿ ಹೆಂಡತಿಯ ಅಳು ನೋಡಲಾರದೆ ಮ್ಯಾನೇಜರೇ ಕರಗಿದರು.

"ಹೋಗ್ಲಿ ಬಿಡಿ ತಾಯಿ, ಮೊದಲನೇ ಸಲ. ಇನ್ಮೇಲೆ ಮುಟ್ಟಲ್ಲ ಅಂತ ಆಣೆ ಮಾಡ್ಲಿ, ಸಾಕು. ನಾನು ಹಾಕಿಸಿದೆ ಅನ್ನೋದನ್ನ ಮಾತ್ರ ಎಲ್ಲೂ ಹೇಳ್ಬೇಡಪ್ಪ."

ಕುಡಿತಕ್ಕೆ ಕ್ಷಮೆಯಿತ್ತು, ಕೆಟ್ಟ ಬಂದೂಕಿಗೆ ಇರಲಿಲ್ಲ. ಒಂದು ತೊಟ್ಟೂ ಮುಟ್ಟದ ಮೀಸೆಯಪ್ಪ ಹೆಂಡತಿಯ ತಲೆ ಮುಟ್ಟಿ, ಇನ್ನು ಕುಡಿಯುವುದಿಲ್ಲವೆಂದು ಆಣೆ ಮಾಡಿದ. ಅವಳ ಕೆಂಪಾದ ಕಣ್ಣು ತಪ್ಪಿಸಿ ಬಂದೂಕು ಒರೆಸತೊಡಗಿದ.

ಅಧಿಕಾರಿ ಬಂದರು. ಮ್ಯಾನೇಜರ ಕೋಣೆಯಲ್ಲಿ ಪರೀಕ್ಷೆ ನಡೆಯಿತು. ಗಂಡನ ಮೇಲೆ ಒಂದು ಕಣ್ಣಿಡಲು ಹೆಂಡತಿ ಬಾಗಿಲಲ್ಲೇ ಕೂತಿದ್ದಳು. ಬಂದೂಕು ಬೆಣ್ಣೆಯಂತೆ ತೆರೆಯಿತು, ಬೆಣ್ಣೆಯಂತೆ ಮುಚ್ಚಿತು.

"ಬಂದೂಕು ಅಂದ್ರೆ ಹೀಗಿಟ್ಕೋಬೇಕು ನೋಡ್ರಿ," ಎಂದು ಅಧಿಕಾರಿ ಸಹಿಗೆ ಪೆನ್ನು ತೆಗೆದರು. ಆಗ ಮೇಜಿನ ಫೋನು ಬಡಿದುಕೊಂಡಿತು. ಕೌಂಟರಿಗೂ ಅದಕ್ಕೂ ಒಂದೇ ಲೈನು. ಕೈತುಂಬ ಕಾಗದ ಹಿಡಿದಿದ್ದ ಮ್ಯಾನೇಜರು ಸ್ಪೀಕರ್ ಒತ್ತಿದರು.

"ನಮಸ್ಕಾರ ಸರ್, ಬಂದೂಕು ಕಂಪನಿ ರಿಪೇರಿ ವಿಭಾಗದಿಂದ ಮಾತಾಡ್ತಿರೋದು. ಬೆಳಗ್ಗೆ ಇದೇ ನಂಬರಿಂದ ನಿಮ್ಮ ಕಾವಲುಗಾರರು ಫೋನ್ ಮಾಡಿದ್ರು. ಅವರ ಬಂದೂಕಲ್ಲಿ ಗುಂಡು ಸಿಕ್ಕಿಕೊಂಡಿತ್ತಲ್ಲ, ಯಾರಿಗೂ ಗೊತ್ತಾಗ್ಬಾರದು ಅಂದಿದ್ರು. ನಮ್ಮವರು ಬಂದು ಗುಟ್ಟಾಗಿ ತೆಗೆದುಕೊಟ್ರಾ?"

ಅಧಿಕಾರಿ ಪೆನ್ನಿನ ಮುಚ್ಚಳ ಮುಚ್ಚಿದರು. ಮ್ಯಾನೇಜರು ಕಾಗದ ಕೆಳಗಿಟ್ಟರು.

"ಹಾಗಾದ್ರೆ ನೀವು ಕುಡಿದೇ ಇಲ್ವೇನ್ರೀ?" ಎಂದು ಹೆಂಡತಿ ಎದ್ದು ನಿಂತಳು. ಬೆಳಗ್ಗಿನಿಂದ ಬಾಡಿದ್ದ ಅವಳ ಮುಖ ಅರಳಿತು.

"ನಾಳೆಯಿಂದ ಬರೋದು ಬೇಡ," ಎಂದರು ಮ್ಯಾನೇಜರು.

ಫೋನಿನ ಹುಡುಗಿ ಇದ್ಯಾವುದೂ ತಿಳಿಯದೆ ಕಾಯುತ್ತಿದ್ದಳು. "ಸರ್, ನಮ್ಮ ಸೇವೆಗೆ ಐದರಲ್ಲಿ ಎಷ್ಟು ಅಂಕ ಕೊಡ್ತೀರಾ?"

ಮೀಸೆಯಪ್ಪ ಫೋನಿನ ಹತ್ತಿರ ಬಗ್ಗಿದ.

"ಐದಕ್ಕೆ ಐದೂ ಬರ್ಕೊಳ್ಳಿ ತಾಯಿ. ಗುಂಡೂ ತೆಗೆದ್ರಿ, ನನ್ನನ್ನೂ ತೆಗೆದ್ರಿ."