ಮಾವನ ಸ್ವಾಹಿಲಿಯಲ್ಲಿ ನೀರಿಗೆ ಹೆಸರಿಲ್ಲ

ನನ್ನ ಸೋದರಮಾವನಿಗೆ ಸ್ವಾಹಿಲಿ ಬರುತ್ತದೆ; ಆದರೆ ಒಂದೇ ಒಂದು ವಸ್ತುವಿನ ಹೆಸರೂ ಬರುವುದಿಲ್ಲ! ನೀರಿಗೆ ಏನೆನ್ನುತ್ತಾರೆ? ಗೊತ್ತಿಲ್ಲ. ಅನ್ನಕ್ಕೆ? ಅದೂ ಗೊತ್ತಿಲ್ಲ. ‘ಇದು’, ‘ಅದು’, ‘ಆಗ ಇಲ್ಲಿದ್ದದ್ದು’, ‘ನಿನ್ನೆ ನೀನು ಕೊಟ್ಟದ್ದು’ ಮಾತ್ರ ನೀರು ಕುಡಿದಷ್ಟು ಸಲೀಸು.

ಕಾರಣ ಅವರ ಮೊಮ್ಮಗಳು. ಕುವೈತಿನ ಖೈತಾನ್ ಬಡಾವಣೆಯ ಫ್ಲ್ಯಾಟಿನಿಂದ ಮಗಳು, ಅಳಿಯ ಇಬ್ಬರೂ ಡ್ಯೂಟಿಗೆ ಹೋದರೆ ಮಗು ನೈರೋಬಿಯ ಆಯಾಳ ಕೈಯಲ್ಲಿ. ಹಾಗಾಗಿ ಎರಡು ವರ್ಷದ ಆ ಪುಟಾಣಿಯ ಬಾಯಲ್ಲಿ ನೈರೋಬಿಯ ಗಲ್ಲಿ ಸ್ವಾಹಿಲಿ ಬಿಟ್ಟರೆ ಬೇರೆ ಭಾಷೆಯಿಲ್ಲ. ಆಯಾಳ ಕರಾರು ಮುಗಿಯುತ್ತ ಬಂದಿತ್ತು. ಅವಳು ಹೊರಟುಹೋದರೆ ಮಗುವಿನ ಮಾತು ತಿಳಿಯುವವರು ಯಾರು? ಮಂಗಳೂರಿನಿಂದ ಬಂದಿಳಿದ ಮಾವನಿಗೆ ಇದೇ ಚಿಂತೆ ಹತ್ತಿತು; ತಾವೇ ಸ್ವಾಹಿಲಿ ಕಲಿಯಲು ಹೊರಟರು.

“ಹೆಸರು ಎಂತಕ್ಕೆ ಮಾರಾಯ? ಮಗು ಹೆಸರು ಹೇಳ್ತದಾ? ‘ಅದು’, ‘ಅಮ್ಮ ತಂದದ್ದು’ ಅಂತ ಬೆರಳು ತೋರಿಸ್ತದೆ. ಅಷ್ಟು ಕಲ್ತರೆ ಸಾಕು.”

ಆಯಾಳೇ ಗುರು. ಪಾಠಕ್ಕೆ ಮೂರು ಲೋಟ ನೀರು: ಒಂದು ಮಾವನ ಮುಂದೆ, ಒಂದು ಅವಳ ಮುಂದೆ, ಒಂದು ದೂರದ ಫ್ರಿಜ್ಜಿನ ಮೇಲೆ. ಮೂರಕ್ಕೂ ಬೇರೆ ಬೇರೆ ಮಾತಂತೆ. ‘ಹೀ, ಹಿಯೊ, ಇಲೆ’ ಎಂದು ಮಾವ ಜಪಿಸುತ್ತಿದ್ದಾಗ, ಅದೇ ಊರಿನಲ್ಲಿ ಕೆಲಸಕ್ಕಿದ್ದು, ಬಿಸಿಲಿನಲ್ಲಿ ಬೆಂದು ಬಂದ ನಾನು ಫ್ರಿಜ್ಜಿನ ಮೇಲಿನದನ್ನು ಎತ್ತಿ ಗಟಗಟ ಕುಡಿದೆ.

“ದೂರದ್ದನ್ನೇ ಕುಡಿದ್ಯಲ್ಲ! ಇನ್ನು ನಾನು ‘ಇಲೆ’ ಅಂತ ಎಂತದನ್ನು ತೋರಿಸುದು?”

ಕೆಳಗಿನ ಅಂಗಡಿಯಲ್ಲಿ ಮೊಂಬಾಸಾದವನೊಬ್ಬನಿದ್ದ. ಮಾವ ಬ್ರೆಡ್ಡಿಗೆ ಹೋಗಿ, “ನಿನ್ನೆ ನಾನು ಕೊಂಡದ್ದನ್ನು ಕೊಡು” ಎಂದು ಸ್ವಾಹಿಲಿಯಲ್ಲೇ ಕೇಳಿದರು. ಅವನು ಸೋಪು ಕೊಟ್ಟ. ನಿನ್ನೆ ಎರಡನ್ನೂ ಕೊಂಡಿದ್ದರಂತೆ! “ಭಾಯಿ, ಇದು ಬೀದಿ ಸ್ವಾಹಿಲಿ, ಸರಿಯಾದದ್ದು ಕಲಿಯಿರಿ” ಎಂದು ಅವನ ಉಪದೇಶ ಬೇರೆ. ಮಾವ ಸೋಪು ಹಿಡಿದು ಗೆದ್ದವರಂತೆ ಬಂದರು. “ಸರಿಯಾದ್ದು ನಮ್ಮ ಮಗುವಿಗೆ ಅರ್ಥ ಆಗುದಿಲ್ಲ” ಎಂದು ನನಗೇ ತಿಳಿಹೇಳಿದರು.

ಆಯಾ ಹೊರಟಳು. ಮರುದಿನ ಮಧ್ಯಾಹ್ನ ಮಗು ಬಾಗಿಲ ಬಳಿ ನಿಂತು ಏನೋ ಕೇಳಿತು. ರಜೆ ಹಾಕಿದ್ದ ಮಗಳು ಹಾಲು ತಂದಳು, ಬೊಂಬೆ ತಂದಳು. ಮಗು ಎರಡನ್ನೂ ತಳ್ಳಿ ಅಳತೊಡಗಿತು. ಮಗಳ ಕಣ್ಣಲ್ಲೂ ನೀರು.

“ಅದೆಲ್ಲ ಅಲ್ಲ. ‘ನನ್ನನ್ನು ಮಲಗಿಸುವವಳು ಎಲ್ಲಿ’ ಅಂತ ಕೇಳುದು” ಎಂದ ಮಾವ ಕಷ್ಟಪಟ್ಟು ನೆಲದ ಮೇಲೆ ಕೂತು, ಕಾಲು ಚಾಚಿ, ಮಗುವಿಗೆ ಸ್ವಾಹಿಲಿಯಲ್ಲಿ ಮೆಲ್ಲಗೆ ಏನೋ ಹೇಳಿದರು.

ಮಗು ಅವರ ಮುಖವನ್ನು ಬಹಳ ಹೊತ್ತು ಪರೀಕ್ಷಿಸಿತು. ಆಮೇಲೆ ಬಂದು ಅವರ ಕಾಲಿನ ಮೇಲೆ ಮಲಗಿತು.

“ಎಂತ ಹೇಳಿದ್ರಿ ಮಾವ?” ಎಂದು ಪಿಸುಗುಟ್ಟಿದೆ.

“ಇನ್ನು ನಿನ್ನನ್ನು ಮಲಗಿಸುವವನು ಇವನು, ಅಂತ.”