ನಾಲ್ಕು ಪದ ಕಲಿತು ಮಾಡಿದ ರಾಜ್ಯೋತ್ಸವ

ಹೊಸ ಊರಿಗೆ ಹೋದವರು ಎಡವಟ್ಟು ಮಾಡದೆ ಇರುವುದಿಲ್ಲ. ಬ್ಯಾಂಕಿನ ವರ್ಗಾವಣೆಯಲ್ಲಿ ಎಂಟು ಊರು ಸುತ್ತಿದ ನನಗೆ ಇದು ಚೆನ್ನಾಗಿ ಗೊತ್ತು. ಆದರೆ ಇಲ್ಲದ ಊರೊಂದಕ್ಕೆ, ಅಂದರೆ ಕಂಪ್ಯೂಟರಿನೊಳಗಿನ ಊರಿಗೆ ಹೋಗಿ ನಾವು ಮಾಡಿದ ಎಡವಟ್ಟುಗಳಿವೆಯಲ್ಲ, ಅವುಗಳ ಮುಂದೆ ಉಳಿದವೆಲ್ಲ ಏನೇನೂ ಅಲ್ಲ!

ಕೊಚ್ಚಿಯಲ್ಲಿ ನಾವು ನಾಲ್ಕು ಕನ್ನಡದ ಮನೆಗಳು, ತಿರುವನಂತಪುರದಲ್ಲಿ ಐದು. ನಮ್ಮ ರಾಜ್ಯೋತ್ಸವದ ದಿನವೇ ಕೇರಳಕ್ಕೂ ಹುಟ್ಟುಹಬ್ಬ, ಆದರೂ ರಜೆ ಇಲ್ಲ. ಒಂದೂರಿಂದ ಇನ್ನೊಂದೂರಿಗೆ ರೈಲಿನಲ್ಲಿ ನಾಲ್ಕು ಗಂಟೆ. ಹೀಗಾಗಿ ಆ ವರ್ಷ ಭಾನುವಾರ ಮಧ್ಯಾಹ್ನ ಆನ್‌ಲೈನ್ ಲೋಕದಲ್ಲೇ ಸೇರೋಣ ಎಂದು ತೀರ್ಮಾನವಾಯಿತು. ಅಲ್ಲಿ ಪ್ರತಿಯೊಬ್ಬರಿಗೂ ಒಂದು ಗೊಂಬೆ ದೇಹ. ಅದನ್ನು ನಡೆಸಬಹುದು, ಕೂರಿಸಬಹುದು, ಮೈಕಿನಲ್ಲಿ ಮಾತಾಡಬಹುದು. ಒಂಬತ್ತನೇ ಕ್ಲಾಸಿನ ನನ್ನ ಮಗಳು ಅಲ್ಲೊಂದು ಸಭಾಂಗಣವನ್ನೇ ಕಟ್ಟಿಬಿಟ್ಟಳು. ಹೊಸಬರು ಕಲಿಯಲೇಬೇಕಾದ ನಾಲ್ಕು ಪದಗಳ ಪಟ್ಟಿಯನ್ನೂ ಮಾಡಿದಳು. ಅವಳು ಮಲಯಾಳದಲ್ಲಿ ಹೇಳಿದಳು, ನಾನು ಕನ್ನಡದಲ್ಲಿ ಬರೆದುಕೊಂಡೆ.

ಅಲ್ಲೇ ಇದ್ದದ್ದು ಸಂಕಟ. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಬಾಯಿಂದ ಮಾತ್ರ ಬರುವುದಿಲ್ಲ. ತಿರುವನಂತಪುರದಲ್ಲಿರುವ ನನ್ನ ಅಕ್ಕ ಫೋನಿನಲ್ಲೇ ಫರ್ಮಾನು ಹೊರಡಿಸಿದಳು.

"ನೋಡೋ, ಸ್ವಾಗತ ಭಾಷಣ ಅವಳೇ ಮಾಡ್ಬೇಕು, ಕನ್ನಡದಲ್ಲೇ ಮಾಡ್ಬೇಕು. ಇಲ್ದಿದ್ರೆ ಬೇಸಿಗೆ ರಜೆ ಪೂರ್ತಿ ನಮ್ಮನೇಲಿರ್ತಾಳೆ. ಬೆಳಿಗ್ಗೆ ಕಾಗುಣಿತ, ಸಂಜೆ ವ್ಯಾಕರಣ!"

ಬೇಸಿಗೆಯಲ್ಲಿ ಮಗಳಿಗೆ ಬ್ಯಾಡ್ಮಿಂಟನ್ ಶಿಬಿರವಿತ್ತು. ಅವಳ ಮುಖ ಸಣ್ಣಗಾಯಿತು. ನನ್ನದೂ ಆಯಿತು, ಏಕೆಂದರೆ ಕನ್ನಡ ಕಲಿಸದ ಅಪ್ಪ ಎಂಬ ಬಿರುದು ಆ ಶಿಬಿರಕ್ಕಿಂತ ಮೊದಲೇ ನನಗೆ ಸಿಕ್ಕಿತ್ತು.

ಒಂದು: ಅವತಾರ್

ನಮ್ಮ ಗೊಂಬೆ ದೇಹಕ್ಕೆ ಅವತಾರ್ ಎನ್ನುತ್ತಾರೆ. ಬೇಕಾದ ಮುಖ, ಬೇಕಾದ ಕೂದಲು, ಬೇಕಾದ ವಯಸ್ಸು! ಎಲ್ಲರೂ ಹಬ್ಬ ಮಾಡಿದೆವು. ನಾನು ಮೂವತ್ತು ವರ್ಷದ ಹಿಂದೆ ಉದುರಿದ್ದನ್ನೆಲ್ಲ ವಾಪಸ್ ನೆಟ್ಟುಕೊಂಡೆ. ಫೋರ್ಟ್ ಕೊಚ್ಚಿಯಲ್ಲಿ ಹೋಟೆಲ್ ನಡೆಸುವ ಕರಾವಳಿಯ ಯಜಮಾನರು ಪೈಲ್ವಾನರಾದರು.

ಅಕ್ಕನ ಗಂಡ, ನಮ್ಮ ಭಾವ ಮಾತ್ರ ಒಪ್ಪಲಿಲ್ಲ. ಅವರು ರಾಕೆಟ್ ವಿಜ್ಞಾನಿ. ಗುರುತಿನ ಚೀಟಿಯ ಫೋಟೊಗೂ ಮುಖಕ್ಕೂ ಹೊಂದದಿದ್ದರೆ ಗೇಟಿನೊಳಗೆ ಬಿಡದ ಕಡೆ ಮೂವತ್ತು ವರ್ಷದಿಂದ ಕೆಲಸ ಮಾಡುತ್ತಿರುವವರು. ಕನ್ನಡಿ ಮುಂದಿಟ್ಟುಕೊಂಡು ಮೂರು ಸಂಜೆ ಕೂತು ಬೋಳುತಲೆ, ಕನ್ನಡಕ, ಹೊಟ್ಟೆ ಎಲ್ಲವನ್ನೂ ಅಳತೆಗೆ ಸರಿಯಾಗಿ ಕೂರಿಸಿದರು.

ಅಭ್ಯಾಸಕ್ಕೆಂದು ಮೊದಲ ದಿನ ಸಭಾಂಗಣಕ್ಕೆ ಬಂದರೆ ಎಲ್ಲರೂ ಪಡ್ಡೆ ಹುಡುಗರು, ಎಲ್ಲರೂ ಸುರಸುಂದರಿಯರು. ಯಾರು ಯಾರೆಂದು ಯಾರಿಗೂ ಗೊತ್ತಾಗಲಿಲ್ಲ. ಗುರುತು ಸಿಕ್ಕಿದ್ದು ಭಾವ ಒಬ್ಬರದೇ! ಅಷ್ಟರಲ್ಲಿ ನೀಲಿ ರೇಷ್ಮೆ ಸೀರೆಯ, ಇಪ್ಪತ್ತೈದರ ಚೆಲುವೆಯೊಬ್ಬಳು ನೇರ ಅವರ ಪಕ್ಕ ಬಂದು ನಿಂತಳು. ಭಾವ ಎರಡು ಹೆಜ್ಜೆ ಹಿಂದೆ ಸರಿದು, "ಯಾರಮ್ಮ ನೀವು? ಸ್ವಲ್ಪ ದೂರ ನಿಲ್ಲಿ, ನನ್ನ ಹೆಂಡ್ತಿ ಇನ್ನೇನು ಬರ್ತಾಳೆ" ಎಂದರು.

"ಬಂದು ಐದು ನಿಮಿಷ ಆಯ್ತು" ಎಂದಿತು ಅಕ್ಕನ ದನಿ.

ಎರಡು: ಎ.ಎಫ್.ಕೆ.

ಕೀಬೋರ್ಡ್ ಬಿಟ್ಟು ಎದ್ದುಹೋಗಿದ್ದಾರೆ ಎಂದು ಅರ್ಥ. ಆಗ ಅವತಾರ್ ನಿಂತಲ್ಲೇ ಕತ್ತು ಜೋತುಬಿಡುತ್ತದೆ. ಇದನ್ನು ಪಟ್ಟಿಯಲ್ಲಿ ಬರೆದಿದ್ದೆ. ನನ್ನ ಹೆಂಡತಿ ಪಟ್ಟಿ ಓದಿರಲಿಲ್ಲ.

ಇನ್ನೊಂದು ದಿನ ಮಾತಾಡುತ್ತಿದ್ದ ಹಾಗೇ ಅಕ್ಕನ ಕತ್ತು ಎದೆಗೆ ಬಿತ್ತು. ನನ್ನ ಹೆಂಡತಿ ಕಿರುಚಿಕೊಂಡಳು. "ಅಯ್ಯೋ! ಅತ್ತಿಗೆಗೆ ಬಿ.ಪಿ. ಏರಿದೆ!" ಭಾವ ಆಫೀಸಿನಲ್ಲಿ. ಅಕ್ಕ ಫೋನು ಎತ್ತಲಿಲ್ಲ. ಇವಳು ತಡಮಾಡದೆ ಅಕ್ಕನ ಪಕ್ಕದ ಮನೆಯ ಮಲಯಾಳಿ ಹೆಂಗಸಿಗೆ, ಅಂದರೆ ಎಲ್ಲರೂ 'ಚೇಚಿ' ಎನ್ನುವವರಿಗೆ ಫೋನು ಮಾಡಿದಳು. ಆಕೆ ಗಂಡನನ್ನೂ ಕರೆದುಕೊಂಡು, ಒಂದು ಲೋಟ ಸಕ್ಕರೆ ನೀರು ಹಿಡಿದು ಓಡಿದರು. ಅಕ್ಕ ಹಿತ್ತಿಲಲ್ಲಿ ಕರಿಬೇವು ಕೀಳುತ್ತಿದ್ದಳು. ಏನು ಎತ್ತ ಎಂದು ಕೇಳುವ ಮೊದಲೇ ಚೇಚಿ ಅರ್ಧ ಲೋಟ ಕುಡಿಸಿಯಾಗಿತ್ತು.

ಅಂದಿನಿಂದ ಅಕ್ಕ ಏಳುವ ಮುನ್ನ ಎಲ್ಲರಿಗೂ ಕಾಣುವಂತೆ ಟೈಪ್ ಮಾಡುತ್ತಾಳೆ: "ಒಗ್ಗರಣೆ ಹಾಕಿ ಬರ್ತೀನಿ. ಬದುಕಿದೀನಿ."

ಮೂರು: ಇನ್ವೆಂಟರಿ

ಆ ಲೋಕದಲ್ಲಿ ಯಾರು ಏನು ಕೊಟ್ಟರೂ ಹೋಗಿ ಬೀಳುವ ಗಂಟಿನ ಹೆಸರು ಇದು. ಮನೆಗೆ ಬಂದ ಹೆಂಗಸರನ್ನು ಬರಿಗೈಯಲ್ಲಿ ಕಳಿಸುವುದಾದರೂ ಹೇಗೆ? ಅಕ್ಕ ಹಟ ಹಿಡಿದಳು. ಮಗಳು ಹಸಿರು ಬಣ್ಣದ, ಬೆಳ್ಳಿ ಅಂಚಿನ ಒಂದು ಬ್ಲೌಸ್ ಪೀಸ್ ಮಾಡಿಕೊಟ್ಟಳು. ಅಕ್ಕ ಅದನ್ನು ಅರಿಶಿನ ಕುಂಕುಮದ ಜೊತೆ ನನ್ನ ಹೆಂಡತಿಗೆ ಕೊಟ್ಟಳು. ಮುಂದೆ ಎಲ್ಲವೂ ನಮ್ಮ ಪದ್ಧತಿಯಂತೆಯೇ ನಡೆಯಿತು. ಇವಳು ಅದನ್ನು ಹೋಟೆಲ್ ಯಜಮಾನರ ಹೆಂಡತಿಗೆ ದಾಟಿಸಿದಳು. ಅವರು ಅದನ್ನು, ಪಾಪ, ಗೊತ್ತಿಲ್ಲದೆ ಅಕ್ಕನಿಗೇ ಉಡಿ ತುಂಬಿದರು!

ಆದರೆ ಆ ಲೋಕದಲ್ಲಿ ಒಂದು ಕಿಡಿಗೇಡಿ ಸೌಲಭ್ಯವಿದೆ. ವಸ್ತುವಿನ ಮೇಲೆ ಒತ್ತಿದರೆ ಅದು ಯಾರ ಯಾರ ಕೈದಾಟಿ ಬಂತೆಂದು ಹೆಸರು ಸಮೇತ ಕಾಣಿಸುತ್ತದೆ. ಅಕ್ಕ ಒತ್ತಿದಳು. ಗಟ್ಟಿಯಾಗಿ ಓದಿದಳು.

ನನ್ನ ಹೆಂಡತಿ ಮೈಕ್ ಬಂದ್ ಮಾಡಿ, ನಮ್ಮ ನಿಜವಾದ ಬೀರುವಿನ ಕಡೆ ನೋಡಿ ಕೈಮುಗಿದಳು. "ಸದ್ಯ, ಇದರೊಳಗಿರೋವಕ್ಕೆ ಈ ಸೌಲಭ್ಯ ಇಲ್ಲವಲ್ಲ!"

ನಾಲ್ಕು: ಸಿಟ್

ಕುರ್ಚಿಯ ಮೇಲೆ ಒತ್ತಿ 'ಸಿಟ್' ಎಂದು ಆರಿಸಿದರೆ ಅವತಾರ್ ಕೂರುತ್ತದೆ. ಎಲ್ಲಕ್ಕಿಂತ ಸುಲಭದ ಪದ ಇದೇ ಎಂದು ಮಗಳು ಕೊನೆಗೆ ಇಟ್ಟಿದ್ದಳು.

ರಾಜ್ಯೋತ್ಸವದ ಮಧ್ಯಾಹ್ನ ಬಂದೇ ಬಂತು! ಕೊಚ್ಚಿಯ ಪಾಲಾರಿವಟ್ಟಂನ ನಮ್ಮ ಫ್ಲ್ಯಾಟಿನಲ್ಲಿ ಮಗಳು ಕಂಪ್ಯೂಟರಿನ ಮುಂದೆ, ಅವಳ ಹಿಂದೆ ಭಾಷಣದ ಹಾಳೆ ಹಿಡಿದು ನಾನು. ಹದಿನೈದು ದಿನ ಉರು ಹೊಡೆಸಿದ್ದೆ. "ಆತ್ಮೀಯ ಕನ್ನಡ ಬಂಧುಗಳೇ" ಎನ್ನುವಲ್ಲಿಗೇ ಪ್ರತಿಸಲ ಗಾಡಿ ನಿಲ್ಲುತ್ತಿತ್ತು.

ಅವಳು ವೇದಿಕೆ ಹತ್ತಿ, ಎಲ್ಲರೂ ಕುಳಿತುಕೊಳ್ಳಲಿ ಎಂದು ಕಾದಳು. ಎಲ್ಲರೂ ಒತ್ತಿದರು, ಕುರ್ಚಿಯೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ! ಅಕ್ಕ ದೀಪದ ಕಂಬದ ಮೇಲೆ ಕೂತಳು. ಹೋಟೆಲ್ ಯಜಮಾನರು ಛಾವಣಿಯ ಮೇಲಿಂದ, "ಎಂತ ಮಾರಾಯ್ರೆ, ಇಲ್ಲಿಂದ ಇಳಿಯುದು ಹ್ಯಾಗೆ?" ಎಂದು ಕೂಗಿದರು. ಇಳಿಸಲು ಹೋದ ಭಾವ ಅವರ ಹೆಗಲೇರಿದರು. ನನ್ನ ಹೆಂಡತಿ ಬಾವುಟದ ತುದಿಯಲ್ಲಿ. ಮಗಳು ಮಲಯಾಳದಲ್ಲಿ ಹೇಳಿದಳು, ಇಂಗ್ಲಿಷಿನಲ್ಲಿ ಹೇಳಿದಳು, ಬೇಡಿಕೊಂಡಳು. ಯಾರೂ ಕೇಳಲಿಲ್ಲ. ಎಲ್ಲರೂ ಇನ್ನಷ್ಟು ಒತ್ತಿದರು. ಭಾಷಣದ ಹಾಳೆ ನನ್ನ ಕೈಯಲ್ಲಿ ಮುದ್ದೆಯಾಗಿತ್ತು. ಬ್ಯಾಡ್ಮಿಂಟನ್ ಶಿಬಿರ ಕೈತಪ್ಪಿದ ಹಾಗೆಯೇ!

ಆಗ ನನ್ನ ಮಗಳು ಸೊಂಟಕ್ಕೆ ಕೈಕೊಟ್ಟು ಎದ್ದು ನಿಂತಳು.

"ರೀ! ಎಷ್ಟು ಸಲ ಬಡ್ಕೋಬೇಕು ನಿಮಗೆ? ಕೈಗೆ ಸಿಕ್ಕಿದ್ದೆಲ್ಲ ಒತ್ತಬೇಡಿ ಅಂತ ಹೇಳಿಲ್ವಾ? ಕಣ್ಣೆದುರಿಗೇ ಕುರ್ಚಿ ಇದೆ, ಕಾಣಿಸಲ್ವಾ? ಒಂದು ಕೆಲಸ ನೆಟ್ಟಗೆ ಮಾಡಿದ್ದುಂಟಾ ಇಷ್ಟು ವರ್ಷದಲ್ಲಿ? ಸುಮ್ನೆ ಒಂದು ಕಡೆ ಕೂತ್ಕೊಳ್ಳಿ! ನಿಮ್ಮನ್ನ ಕಟ್ಕೊಂಡು ನನಗೆ ಸಾಕುಸಾಕಾಗಿ ಹೋಗಿದೆ!"

ಒಂದೇ ಉಸಿರು! ಒಂದು ತಪ್ಪಿಲ್ಲ, ಒಂದು ಮಲಯಾಳ ಪದವಿಲ್ಲ! ಇಡೀ ಸಭೆ ಗಪ್‌ಚಿಪ್ಪಾಗಿ ಕುರ್ಚಿಗಳಲ್ಲಿ ಕೂತಿತು. ನನಗೆ ಕಣ್ಣು ತುಂಬಿ ಬಂತು. ದೀಪದ ಕಂಬದಿಂದ ಇಳಿದ ಅಕ್ಕ ಮೈಕಿನಲ್ಲೇ ಚಪ್ಪಾಳೆ ತಟ್ಟಿದಳು.

"ಅಚ್ಚ ಮೈಸೂರು ಕನ್ನಡ! ರಜೆಗೆ ಬರೋದು ಬೇಡ ಪುಟ್ಟಿ, ನೀನು ಪಾಸು. ಇಷ್ಟು ಚೆನ್ನಾಗಿ ಯಾರು ಕಲಿಸಿದ್ರು, ಅಪ್ಪಾನಾ?"

ನಾನು ಹೆಮ್ಮೆಯಿಂದ ಕಾಲರ್ ಸರಿಮಾಡಿಕೊಂಡೆ.

"ಹೂಂ ಅತ್ತೆ" ಎಂದಳು ಮಗಳು, ಕನ್ನಡದಲ್ಲೇ. "ಅಪ್ಪ ಇಲ್ದಿದ್ರೆ ಅಮ್ಮ ಇದನ್ನೆಲ್ಲ ದಿನಾ ಯಾರಿಗೆ ಹೇಳ್ತಿದ್ರು?"