ಲಾವಕ್ಕಿಯ ಸೀನು

ಗುರುವಾರ ಬೆಳಿಗ್ಗೆ ನೂರ್ಮತನ ಲಾವಕ್ಕಿ ಒಂದೇ ಒಂದು ಸಲ ಸೀನಿತು. ಅಷ್ಟಕ್ಕೇ ಓಣಿಯ ಒಲೆಗಳೆಲ್ಲ ಆರಿಹೋದವು.

ಆ ಹೊತ್ತಿಗೆ ಅವನ ಹೆಂಡತಿ ಹೋಸಿಯತ್ ಪಲಾವಿಗೆಂದು ಹತ್ತಿಬೀಜದ ಎಣ್ಣೆ ಕಾಯಿಸುತ್ತಿದ್ದಳು. ಎಣ್ಣೆ ಹೊಗೆಯಾಡುವವರೆಗೆ ಕಾಯದಿದ್ದರೆ ಮರ್ಗಿಲಾನ್ ಊರಿನಲ್ಲಿ ಅದನ್ನು ಯಾರೂ ಪಲಾವ್ ಅನ್ನುವುದಿಲ್ಲ. ನೂರ್ಮತ್ ಓಡಿಬಂದು ಹಕ್ಕಿಯಿದ್ದ ಸೋರೆಬುರುಡೆಯ ಪಂಜರವನ್ನು ಎದೆಗವುಚಿಕೊಂಡ.

"ಇಳಿಸೇ ಕೊಪ್ಪರಿಗೆ! ಸಂಜೆ ಕೂಗ್ಬೇಕಾದ ಗಂಟಲು ಇದು!"

ಸಂಜೆ ಚಹಾದಂಗಡಿಯಲ್ಲಿ ಲಾವಕ್ಕಿಗಳ ಕೂಗಿನ ಪಂದ್ಯ. ಸೋತವನು ಮುಂದಿನ ಪಂದ್ಯದವರೆಗೆ ಆ ಅಂಗಡಿಯಲ್ಲಿ ಗೆದ್ದವನಿಗೆ ಚಹಾ ಬಗ್ಗಿಸಿಕೊಡಬೇಕು. ಕಳೆದ ಸಲ ಗೆದ್ದದ್ದು ಪಕ್ಕದ ಮನೆಯ ಬೋಲ್ತಬಾಯ್. ವರ್ಷವಿಡೀ ಅವನು ದಿಂಬಿಗೊರಗಿ, "ಅರ್ಧ ಬಟ್ಟಲು ಕಣೋ! ತುಂಬಾ ಬಗ್ಗಿಸಿ ನನ್ನನ್ನ ಎಬ್ಬಿಸಿ ಕಳಿಸ್ಬೇಕು ಅಂತಿದ್ದೀಯಾ?" ಎಂದು ಎಲ್ಲರೆದುರು ಕೇಳುತ್ತಿದ್ದ; ತುಂಬಿದ ಬಟ್ಟಲು ಕೊಟ್ಟರೆ ಅಲ್ಲಿ ಎದ್ದು ಹೋಗೆಂದು ಅರ್ಥ. ಪಾಪ, ನೂರ್ಮತ್ ಹಲ್ಲುಕಚ್ಚಿಕೊಂಡು ಬಗ್ಗಿಸಿದ್ದ.

ತನ್ನ ಮನೆಯ ಒಲೆ ಆರಿಸಿದರೇನು ಬಂತು? ಗುರುವಾರ ಎಲ್ಲರ ಮನೆಯಲ್ಲೂ ಪಲಾವ್. ಪಂಜರ ಹಿಡಿದು ಮಾಳಿಗೆ ಹತ್ತಿದರೆ ಹೊಗೆ ಅವನಿಗಿಂತ ಮೊದಲೇ ಹತ್ತಿ ಕೂತಿತ್ತು. ಕೊನೆಗೆ ಎದೆಯ ಮೇಲೆ ಕೈಯಿಟ್ಟು ಮನೆಮನೆಗೂ ಹೋಗಿ ಬೇಡಿಕೊಂಡ.

"ಸಂಜೆವರೆಗೆ ಎಣ್ಣೆ ಕಾಯಿಸ್ಬೇಡಿ ಅಜ್ಜಿ."

"ಅಲ್ಲಿವರೆಗೆ ನಿನ್ನ ಹಕ್ಕಿ ಕಾಳು ತಿನ್ಕೊಂಡಿರೋಣ್ವೇನೋ?" ಎಂದಳು ಎದುರುಮನೆಯ ಸಾಲೋಮತ್ ಅಜ್ಜಿ. "ಸೀನ್ತು ಅಂದ್ಯಲ್ಲ, ದೃಷ್ಟಿ ಆಗಿದೆ ಅದಕ್ಕೆ. ತಡಿ, ಇಸಿರಿಕ್ ಸೊಪ್ಪಿನ ಹೊಗೆ ಹಾಕ್ತೀನಿ!"

ನೂರ್ಮತ್ ಅಲ್ಲಿಂದ ಕಾಲ್ಕಿತ್ತ. ಆದರೂ ಗೊಣಗುತ್ತಲೇ ಎಲ್ಲರೂ ಒಲೆ ಆರಿಸಿದರು. ಬೋಲ್ತಬಾಯಿಯೂ ಆರಿಸಿದ. "ನಾಳೆ ಹೊಗೆಯಿಂದ ಸೋತೆ ಅಂತ ಅಳ್ಬಾರ್ದು ನೋಡು."

ಸಂಜೆ ನೂರ್ಮತನ ಹಕ್ಕಿ ಕೂಗಿದ್ದೇ ಕೂಗಿದ್ದು. ಬೋಲ್ತಬಾಯಿಯ ಹಕ್ಕಿ ನಾಲ್ಕು ಸಲ ಕೂಗಿ ತೂಕಡಿಸತೊಡಗಿತು. ನೂರ್ಮತ್ ದಿಂಬಿಗೊರಗಿ ಬಟ್ಟಲು ಚಾಚಿದ. ಬೋಲ್ತಬಾಯ್ ಮುಖ ಹುಳ್ಳಗೆ ಮಾಡಿಕೊಂಡು ಚಹಾ ಪಾತ್ರೆ ಎತ್ತಿದ್ದನಷ್ಟೆ, ಬಾಗಿಲಿಂದ ಅಜ್ಜಿಯ ದನಿ ಕೇಳಿತು.

"ಗೆದ್ದಾಯ್ತಲ್ಲ, ಏಳು! ನಿನ್ನ ಹಕ್ಕಿಗೋಸ್ಕರ ಓಣಿಗೆ ಓಣಿಯೇ ಹಸ್ಕೊಂಡಿದೆ. ಎಲ್ಲರ ಅಕ್ಕಿ, ಎಲ್ಲರ ಎಣ್ಣೆ ನಿನ್ನಂಗಳಕ್ಕೇ ತಂದಿದ್ದೀವಿ. ದೊಡ್ಡ ಕೊಪ್ಪರಿಗೆ ಇಟ್ಟಾಯ್ತು!"

ಅಂಗಳ ತುಂಬ ಜನ, ಜನರ ಮೇಲೆಲ್ಲ ಹೊಗೆ. ಗಾಳಿ ಆ ಕಡೆಗಿಲ್ಲವೆಂದು ಹೋಸಿಯತ್ ಪಂಜರವನ್ನು ಬೋಲ್ತಬಾಯಿಯ ತಣ್ಣಗಿದ್ದ ಅಡುಗೆಮನೆಯಲ್ಲಿ ತೂಗುಹಾಕಿ ಬಂದಳು. ಬೋಲ್ತಬಾಯ್ ಮಾತ್ರ ಇಲ್ಲಿ ನೂರ್ಮತನ ದಿಂಬಿಗೇ ಒರಗಿ ಕೂತಿದ್ದ. ನೂರ್ಮತ್ ಹೊಗೆಗೆ ಉರಿಯುವ ಕಣ್ಣೊರೆಸಿಕೊಳ್ಳುತ್ತ ಚಹಾ ಪಾತ್ರೆಯನ್ನು ಅವನ ಮುಂದಿಟ್ಟ.

"ಸೋತವನು ನೀನು. ಬಗ್ಗಿಸು."

ಹೋಸಿಯತ್ ತಲೆ ಚಚ್ಚಿಕೊಂಡಳು.

"ಮನೆಗೆ ಬಂದ ಅತಿಥಿ ಕೈಲಿ ಚಹಾ ಬಗ್ಗಿಸ್ತಾರೇನೋ, ಮಾನಗೆಟ್ಟವನೇ?" ಅಜ್ಜಿ ಗದರಿದಳು. "ಮನೆಯವನು ಬಗ್ಗಿಸ್ಬೇಕು!"

ಗೋಡೆಯಾಚೆ ಲಾವಕ್ಕಿ ಹಾಯಾಗಿ ಕೂಗಿತು. ನೂರ್ಮತ್ ಪಾತ್ರೆ ಎತ್ತಿದ.

"ಅರ್ಧ ಬಟ್ಟಲು ಕಣೋ," ಎಂದ ಬೋಲ್ತಬಾಯ್. "ಇನ್ನು ಚಹಾದಂಗಡಿ ಯಾಕೆ? ನಾಳೆಯಿಂದ ದಿನಾ ನಿಮ್ಮನೆಗೇ ಬರ್ತೀನಿ."